ಶ್ವಾಸಕೋಶದ ಸೋಂಕುಗಳು ಮತ್ತು ಪ್ರತಿಜೀವಕ ಪ್ರತಿರೋಧ: ಅನಂತಗಿರಿ–ಮಂಜೀರಾ ಸೀಮೆಯ ಚರಿತ್ರೆ

ಬ್ಯಾಕ್ಟೀರಿಯಾಗಳಿಂದ ಶ್ವಾಸಕೋಶಕ್ಕೆ ತಗಲುವ ಸೋಂಕುಗಳಲ್ಲಿ ಕ್ಷಯ ಮತ್ತು ನ್ಯುಮೋನಿಯಾ ಮುಖ್ಯವಾದವು. ಇವನ್ನು ಗುಣಪಡಿಸುವ ಔಷಧಗಳನ್ನು ಪ್ರತಿಜೀವಕಗಳು, ಅಂದರೆ ಆ್ಯಂಟಿಬಯೋಟಿಕ್‌ಗಳು ಎನ್ನುತ್ತಾರೆ. ಔಷಧದ ನಡುವೆಯೂ ಬ್ಯಾಕ್ಟೀರಿಯಾ ಬದುಕಿ ಬೆಳೆಯುವ ಶಕ್ತಿ ಪಡೆಯುವುದೇ ಪ್ರತಿಜೀವಕ ಪ್ರತಿರೋಧ. ತೆಲಂಗಾಣದ ಧಾರೂರು, ತಾಂಡೂರು, ಜಹೀರಾಬಾದ್, ನಾರಾಯಣಖೇಡ್ ಹಾಗೂ ಅವಕ್ಕೆ ಹೊಂದಿಕೊಂಡ ಬೀದರ್, ಕಲಬುರಗಿ ಜಿಲ್ಲೆಗಳ ಸೀಮೆಗೆ ಈ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. ಔಷಧವಿಲ್ಲದ ಕಾಲದಲ್ಲಿ ಕ್ಷಯರೋಗಿಗಳು ಗಾಳಿಯನ್ನರಸಿ ಬಂದ ಅನಂತಗಿರಿ ಬೆಟ್ಟ ಇಲ್ಲಿದೆ. ಪ್ರತಿಜೀವಕಗಳನ್ನು ರಾಶಿರಾಶಿಯಾಗಿ ತಯಾರಿಸಿ, ಅವುಗಳ ಶೇಷವನ್ನು ಹಳ್ಳಕ್ಕೆ ಹರಿಸಿದ ಪಟಾನ್‌ಚೆರು ಕೂಡ ಇದೇ ಸೀಮೆಯ ಮಗ್ಗುಲಲ್ಲಿದೆ.

ಸೀಮೆಯ ಪರಿಚಯ

ಧಾರೂರು ಇಂದಿನ ವಿಕಾರಾಬಾದ್ ಜಿಲ್ಲೆಯ ಒಂದು ಮಂಡಲ ಕೇಂದ್ರ. ಸಿಕಂದರಾಬಾದ್–ವಾಡಿ ರೈಲು ಮಾರ್ಗದಲ್ಲಿ ವಿಕಾರಾಬಾದ್ ಮತ್ತು ತಾಂಡೂರಿನ ನಡುವೆ ಇದರ ನಿಲ್ದಾಣವಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ತಾಂಡೂರು ತಾಲ್ಲೂಕು ಗುಲ್ಬರ್ಗಾ ಜಿಲ್ಲೆಯಲ್ಲಿಯೂ ಜಹೀರಾಬಾದ್, ನಾರಾಯಣಖೇಡ್ ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲಿಯೂ ಇದ್ದವು. ಗಡಿರೇಖೆ ಬದಲಾದ ಮೇಲೂ ಕನ್ನಡ, ತೆಲುಗು, ಉರ್ದು ಬೆರೆತ ಬದುಕು ಹಾಗೆಯೇ ಉಳಿದಿದೆ. ಎರಡು ನದಿಗಳು ಈ ಚರಿತ್ರೆಗೆ ಸಂಬಂಧಿಸಿವೆ. ಮೂಸಿ ನದಿ ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ಹೈದರಾಬಾದ್ ಸೇರುತ್ತದೆ. ಮಂಜೀರಾ ಮಹಾರಾಷ್ಟ್ರದಿಂದ ಬೀದರ್ ಜಿಲ್ಲೆಯನ್ನು ಹಾದು ಸಿಂಗೂರು ಜಲಾಶಯ ಸೇರಿ, ಮುಂದೆ ಉತ್ತರಕ್ಕೆ ತಿರುಗಿ ಗೋದಾವರಿಯನ್ನು ಕೂಡುತ್ತದೆ.

ಔಷಧವಿಲ್ಲದ ಕಾಲ

ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಜರ್ಮನಿಯ ರಾಬರ್ಟ್ ಕಾಕ್ 1882ರಲ್ಲಿ ಗುರುತಿಸಿದರು. ಕಾರಣ ತಿಳಿದರೂ ಮದ್ದು ಸಿಗಲು ಅರವತ್ತು ವರ್ಷಗಳೇ ಬೇಕಾದವು. ಆ ಅವಧಿಯಲ್ಲಿ ವೈದ್ಯರ ಕೈಯಲ್ಲಿದ್ದುದು ಶುದ್ಧ ಗಾಳಿ, ವಿಶ್ರಾಂತಿ ಮತ್ತು ಪುಷ್ಟಿಕರ ಊಟ ಮಾತ್ರ. ಊರಿನಿಂದ ದೂರದ ಎತ್ತರದ ಜಾಗಗಳಲ್ಲಿ ಆರೋಗ್ಯಧಾಮಗಳು ಎದ್ದದ್ದು ಈ ಕಾರಣಕ್ಕೆ. ದಕ್ಷಿಣ ಭಾರತದಲ್ಲಿ ಮದನಪಲ್ಲಿಯ ಆರೋಗ್ಯವರಂ 1915ರಲ್ಲಿ, ಮೈಸೂರಿನ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ 1921ರಲ್ಲಿ ಆರಂಭವಾದವು. ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಆಳ್ವಿಕೆಯ ಕಾಲಕ್ಕೆ ವಿಕಾರಾಬಾದಿನ ಹತ್ತಿರ ಅನಂತಗಿರಿಯ ಕಾಡಿನ ನಡುವೆ ಕ್ಷಯರೋಗಿಗಳ ಆಸ್ಪತ್ರೆ ತಲೆಯೆತ್ತಿತು.

ಇಂಥ ಆರೋಗ್ಯಧಾಮಗಳು ಕೆಲವರನ್ನು ಉಳಿಸಿದವು, ಆದರೆ ಹಾಸಿಗೆಗಳು ಬೆರಳೆಣಿಕೆಯಷ್ಟಿದ್ದವು. ತಿಂಗಳುಗಟ್ಟಲೆ ದುಡಿಮೆ ಬಿಟ್ಟು ಮಲಗುವುದು ಕೂಲಿಕಾರರಿಗೆ ಸಾಧ್ಯವಿರಲಿಲ್ಲ. ನ್ಯುಮೋನಿಯಾ ಆದವರಿಗಂತೂ ಅಷ್ಟು ಕಾಲಾವಕಾಶವೂ ಇರುತ್ತಿರಲಿಲ್ಲ. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಜಗತ್ತಿನಾದ್ಯಂತ ಸತ್ತವರಲ್ಲಿ ಬಹುಪಾಲು ಜನರ ಸಾವಿಗೆ ವೈರಸ್ಸಿನ ಹಿಂದೆಯೇ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ ಕಾರಣವೆಂದು ಮುಂದೆ ನಡೆದ ಅಧ್ಯಯನಗಳು ತೋರಿಸಿವೆ. ಪ್ರತಿಜೀವಕಗಳಿಲ್ಲದ ಜಗತ್ತು ಹೇಗಿತ್ತು ಎಂಬುದಕ್ಕೆ ಆ ವರ್ಷವೇ ಸಾಕ್ಷಿ.

ಮದ್ದು ಬಂತು, ಪ್ರತಿರೋಧವೂ ಬಂತು

ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ ಗುಣವನ್ನು ಕಂಡರು. 1943ರಲ್ಲಿ ಅಮೆರಿಕದ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಷಾಟ್ಸ್ ಸ್ಟ್ರೆಪ್ಟೊಮೈಸಿನ್ ಪ್ರತ್ಯೇಕಿಸಿದರು. ಕ್ಷಯದ ಮೇಲೆ ಕೆಲಸ ಮಾಡಿದ ಮೊದಲ ಪ್ರತಿಜೀವಕ ಇದು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 107 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 1948ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ಸ್ಟ್ರೆಪ್ಟೊಮೈಸಿನ್ ಪಡೆದ 55 ಜನರಲ್ಲಿ 4 ಮಂದಿ, ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14 ಮಂದಿ ತೀರಿಕೊಂಡಿದ್ದರು. ಐದು ವರ್ಷಗಳ ನಂತರ ಲೆಕ್ಕ ಹಾಕಿದಾಗ ಎರಡೂ ಗುಂಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬದುಕಿರಲಿಲ್ಲ. ಒಂದೇ ಮದ್ದಿಗೆ ಬ್ಯಾಕ್ಟೀರಿಯಾ ಬೇಗ ಒಗ್ಗಿಕೊಂಡಿತ್ತು. ಹೀಗೆ ಕ್ಷಯದ ಮೊದಲ ಮದ್ದಿನ ಮೊದಲ ದೊಡ್ಡ ಪರೀಕ್ಷೆಯಲ್ಲೇ ಪ್ರತಿರೋಧವೂ ಕಾಣಿಸಿಕೊಂಡಿತು. ಎರಡು ಮೂರು ಔಷಧಗಳನ್ನು ಕೂಡಿಸಿ ದೀರ್ಘಕಾಲ ಕೊಡಬೇಕೆಂಬ ನಿಯಮ ಹುಟ್ಟಿದ್ದು ಈ ಪಾಠದಿಂದ. 1952ರಲ್ಲಿ ಐಸೊನಿಯಾಜಿಡ್, 1960ರ ದಶಕದಲ್ಲಿ ರಿಫಾಂಪಿಸಿನ್ ಬಂದವು.

ಆರೋಗ್ಯಧಾಮದಿಂದ ಹಳ್ಳಿಯ ಮನೆಗೆ

ಕ್ಷಯ ಚಿಕಿತ್ಸೆಯ ದಾರಿಯನ್ನು ಜಗತ್ತಿಗೇ ಬದಲಿಸಿದ ಎರಡು ಅಧ್ಯಯನಗಳು ದಕ್ಷಿಣ ಭಾರತದಲ್ಲಿ ನಡೆದವು. ಮದ್ರಾಸಿನಲ್ಲಿ 1956ರಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವು, ಔಷಧ ಸರಿಯಾಗಿ ತೆಗೆದುಕೊಂಡರೆ ಇಕ್ಕಟ್ಟಿನ ಮನೆಯಲ್ಲಿದ್ದ ಬಡರೋಗಿಯೂ ಆರೋಗ್ಯಧಾಮದಲ್ಲಿದ್ದವನಷ್ಟೇ ಚೆನ್ನಾಗಿ ಗುಣವಾಗುತ್ತಾನೆಂದು 1959ರಲ್ಲಿ ತೋರಿಸಿತು. ಅನಂತಗಿರಿಯಂಥ ಆಸ್ಪತ್ರೆಗಳ ಮಹತ್ವ ಕುಗ್ಗತೊಡಗಿದ್ದು ಅಲ್ಲಿಂದ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಇದರ ತಂಡಗಳು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕೆಲಸ ಮಾಡಿದವು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ, ಹಳ್ಳಿಯವರು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆಯನ್ನು ಅಳಿಸಿಹಾಕಿತು. ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಸರ್ಕಾರಿ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಅವರನ್ನು ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸಲಾಗಿತ್ತು. ಪ್ರತಿರೋಧದ ತಪ್ಪನ್ನು ರೋಗಿಯೊಬ್ಬನ ಮೇಲೇ ಹೊರಿಸುವವರು ಇಂದಿಗೂ ಓದಬೇಕಾದ ಫಲಿತಾಂಶವಿದು. 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ಇದೇ ಸಂಸ್ಥೆಯ ಕೆಲಸದ ಮೇಲೆ ನಿಂತಿತು.

ಕಾರ್ಯಕ್ರಮದ ಉದ್ದೇಶ ಒಳ್ಳೆಯದಿತ್ತು, ಆದರೆ ಔಷಧ ಪೂರೈಕೆ ಮೇಲಿಂದ ಮೇಲೆ ಕಡಿಯುತ್ತಿತ್ತು. ಕೆಮ್ಮು ಕಡಿಮೆಯಾದೊಡನೆ ಕೆಲಸಕ್ಕಾಗಿ ಗುಳೆ ಹೋಗುವ ಕುಟುಂಬಗಳಲ್ಲಿ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತಿತ್ತು. 1997ರಲ್ಲಿ ಪರಿಷ್ಕೃತ ಕಾರ್ಯಕ್ರಮ ಆರಂಭವಾಗಿ 2006ರ ಹೊತ್ತಿಗೆ ದೇಶವನ್ನೆಲ್ಲ ಮುಟ್ಟಿತು. ಅಷ್ಟರಲ್ಲಿ ಐಸೊನಿಯಾಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಬಹುಔಷಧ ಪ್ರತಿರೋಧಿ ಕ್ಷಯ ಬೇರು ಬಿಟ್ಟಿತ್ತು. 2014–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಇದು ಹೊಸ ರೋಗಿಗಳಲ್ಲಿ ಶೇ 2.84, ಹಿಂದೆ ಚಿಕಿತ್ಸೆ ಪಡೆದವರಲ್ಲಿ ಶೇ 11.60ರಷ್ಟಿತ್ತು. ಅರೆಬರೆ ಚಿಕಿತ್ಸೆಯ ಬೆಲೆ ಏನೆಂದು ಈ ಎರಡು ಅಂಕಿಗಳ ಅಂತರವೇ ಹೇಳುತ್ತದೆ.

ಔಷಧ ರಾಜಧಾನಿಯ ಹುಟ್ಟು

1961ರಲ್ಲಿ ಸೋವಿಯತ್ ನೆರವಿನಿಂದ ಸ್ಥಾಪನೆಯಾದ ಸರ್ಕಾರಿ ಔಷಧ ಕಂಪನಿ ಐಡಿಪಿಎಲ್ ತನ್ನ ಪ್ರತಿಜೀವಕ ಕಾರ್ಖಾನೆಯನ್ನು ಋಷಿಕೇಶದಲ್ಲೂ ಕೃತಕ ಔಷಧಗಳ ಕಾರ್ಖಾನೆಯನ್ನು ಹೈದರಾಬಾದಿನ ಬಾಲಾನಗರದಲ್ಲೂ ಕಟ್ಟಿತು. 1970ರ ಪೇಟೆಂಟ್ ಕಾಯ್ದೆ, ಬೇರೆ ವಿಧಾನದಿಂದ ಅದೇ ಔಷಧವನ್ನು ತಯಾರಿಸಲು ಭಾರತೀಯ ಕಂಪನಿಗಳಿಗೆ ಅವಕಾಶ ಕೊಟ್ಟಿತು. ಐಡಿಪಿಎಲ್‌ನಲ್ಲಿ ಪಳಗಿದ ತಂತ್ರಜ್ಞರಲ್ಲಿ ಹಲವರು ಸ್ವಂತ ಉದ್ಯಮಕ್ಕಿಳಿದರು. 1984ರಲ್ಲಿ ಡಾ. ರೆಡ್ಡೀಸ್ ಸ್ಥಾಪಿಸಿದ ಕೆ. ಅಂಜಿ ರೆಡ್ಡಿ ಅವರಲ್ಲೊಬ್ಬರು. ಬೀದರಿನಿಂದ ಜಹೀರಾಬಾದ್ ಮಾರ್ಗವಾಗಿ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿರುವ ಪಟಾನ್‌ಚೆರು ಸುತ್ತಮುತ್ತ ಔಷಧ ಕಾರ್ಖಾನೆಗಳು ಸಾಲಾಗಿ ಎದ್ದವು. ಭಾರತದ ಬಡವರಿಗೂ ಆಫ್ರಿಕಾದ ಆಸ್ಪತ್ರೆಗಳಿಗೂ ಅಗ್ಗದ ಮದ್ದು ಸಿಗುವಂತಾಯಿತು. ಈ ಸಾಧನೆಯನ್ನು ಮರೆತು ಮುಂದಿನ ಕಥೆ ಹೇಳುವುದು ನ್ಯಾಯವಲ್ಲ.

ಆದರೆ ಕಾರ್ಖಾನೆಗಳ ಕೊಳೆನೀರು ಇಸುಕವಾಗು, ನಕ್ಕವಾಗು ಎಂಬ ಹಳ್ಳಗಳಿಗೆ ಇಳಿದು, ಸಿಂಗೂರಿನ ಕೆಳಗೆ ಮಂಜೀರಾ ಸೇರಿತು. ಬಾವಿಗಳು ಬಣ್ಣಗೆಟ್ಟವು, ಗದ್ದೆಗಳು ಹಾಳಾದವು. ಪಟಾನ್‌ಚೆರುವಿನ ವೈದ್ಯ ಡಾ. ಎ. ಕಿಷನ್ ರಾವ್ ಹಳ್ಳಿಗರನ್ನು ಕೂಡಿಸಿ ದಶಕಗಳ ಕಾಲ ಹೋರಾಡಿದರು. 1990ರಲ್ಲಿ ವಿಷಯ ಸುಪ್ರೀಂ ಕೋರ್ಟ್ ಮುಟ್ಟಿತು. ರೈತರಿಗೆ ಪರಿಹಾರ ನೀಡುವ ಆದೇಶಗಳಾದವು. ಪ್ರಕರಣ ಮುಂದೆ ಹೈಕೋರ್ಟಿಗೂ ಬಳಿಕ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೂ ಹೋಯಿತು. ಈ ನಡುವೆ ಕಾರ್ಖಾನೆಗಳ ನೀರನ್ನು ಒಂದೆಡೆ ಶುದ್ಧೀಕರಿಸಲು ಸಾಮೂಹಿಕ ಘಟಕ ಬಂತು.

ಹಳ್ಳದಲ್ಲಿ ಔಷಧ: 2007ರ ವರದಿ

ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಯೋಆಕಿಮ್ ಲಾರ್ಸನ್ ಮತ್ತು ಸಂಗಡಿಗರು ಆ ಸಾಮೂಹಿಕ ಘಟಕದಿಂದ ಶುದ್ಧವಾಗಿ ಹೊರಬಂದಿತೆನ್ನಲಾದ ನೀರನ್ನೇ ಪರೀಕ್ಷಿಸಿದರು. ಸುಮಾರು 90 ಔಷಧ ತಯಾರಕರ ಕೊಳೆನೀರು ಅಲ್ಲಿಗೆ ಬರುತ್ತಿತ್ತು. 2007ರಲ್ಲಿ ಪ್ರಕಟವಾದ ಅವರ ವರದಿಯಂತೆ ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೀವಕ ಪ್ರತಿ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಇದು ಹೆಚ್ಚು. ದಿನಕ್ಕೆ ಸುಮಾರು 45 ಕಿಲೊ ಸಿಪ್ರೊಫ್ಲಾಕ್ಸಸಿನ್ ಹರಿದುಹೋಗುತ್ತಿತ್ತು, ಸ್ವೀಡನ್ ದೇಶ ಐದು ದಿನಗಳಲ್ಲಿ ಬಳಸುವಷ್ಟು. 2009ರ ಮತ್ತೊಂದು ವರದಿ ಸುತ್ತಲಿನ ಕೆರೆಗಳಲ್ಲೂ ಆರು ಹಳ್ಳಿಗಳ ಬಾವಿಗಳಲ್ಲೂ ಔಷಧಗಳನ್ನು ಪತ್ತೆಹಚ್ಚಿತು. ಒಂದು ಕೆರೆಯಲ್ಲಿ ಸಿಪ್ರೊಫ್ಲಾಕ್ಸಸಿನ್ ಲೀಟರಿಗೆ 6.5 ಮಿಲಿಗ್ರಾಂ ಇತ್ತು. ಹಳ್ಳದ ಕೆಸರಿನ ಬ್ಯಾಕ್ಟೀರಿಯಾಗಳಲ್ಲಿ ಪ್ರತಿರೋಧದ ಜೀನ್‌ಗಳು ಅಪಾರ ಪ್ರಮಾಣದಲ್ಲಿರುವುದನ್ನು 2011ರ ಅಧ್ಯಯನ ತೋರಿಸಿತು. ಜಗತ್ತಿನ ಎಲ್ಲೆಡೆ ಪ್ರತಿಜೀವಕ ಮಾಲಿನ್ಯದ ಮಾತು ಬಂದಾಗ ಪಟಾನ್‌ಚೆರು ಹೆಸರು ಮೊದಲು ಬರಲು ಇವೇ ಕಾರಣ.

ಮುಂದೆ ಈ ಘಟಕದ ನೀರನ್ನು 18 ಕಿಲೊಮೀಟರ್ ಕೊಳವೆ ಮಾರ್ಗದಿಂದ ಒಯ್ದು ಹೈದರಾಬಾದಿನ ಅಂಬರಪೇಟೆಯ ನಗರ ಕೊಳಚೆ ಘಟಕದ ಕಡೆಗೆ ತಿರುಗಿಸಲಾಯಿತು. ಹಾಗೆ ಹೊರೆ ಮಂಜೀರಾದ ಹಳ್ಳಗಳಿಂದ ಮೂಸಿಯ ಪಾಲಿಗೆ ಬಂತು. ಜರ್ಮನಿಯ ವಿಜ್ಞಾನಿಗಳು ಹೈದರಾಬಾದ್ ಸುತ್ತಲಿನಿಂದ ಸಂಗ್ರಹಿಸಿ 2017ರಲ್ಲಿ ವರದಿ ಮಾಡಿದ ನೀರಿನ ಮಾದರಿಗಳಲ್ಲಿ ಶೇ 95ಕ್ಕಿಂತ ಹೆಚ್ಚಿನವುಗಳಲ್ಲಿ ಕಾರ್ಬಪೆನೆಮ್ ಎಂಬ ಕಡೆಯ ಸಾಲಿನ ಔಷಧಗಳಿಗೂ ಬಗ್ಗದ ಬ್ಯಾಕ್ಟೀರಿಯಾಗಳಿದ್ದವು.

ಪ್ರತಿರೋಧದ ಎರಡು ದಾರಿಗಳು

ಕ್ಷಯದ ಪ್ರತಿರೋಧ ಮತ್ತು ಹಳ್ಳದ ನೀರಿನ ಪ್ರತಿರೋಧ ಒಂದೇ ಬಗೆಯವಲ್ಲ. ಕ್ಷಯದ ಬ್ಯಾಕ್ಟೀರಿಯಾ ಬೇರೆ ಬ್ಯಾಕ್ಟೀರಿಯಾಗಳಿಂದ ಪ್ರತಿರೋಧದ ಜೀನ್ ಪಡೆಯುವುದಿಲ್ಲ. ರೋಗಿಯ ದೇಹದೊಳಗೆ ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲಿ ಆಕಸ್ಮಿಕವಾಗಿ ಬದಲಾದ ಕೆಲವು ಇರುತ್ತವೆ. ಔಷಧ ಕಡಿಮೆ ಬಿದ್ದಾಗ ಅವು ಉಳಿದು ಬೆಳೆಯುತ್ತವೆ, ನಂತರ ಕೆಮ್ಮಿನೊಡನೆ ಮನೆಯವರಿಗೆ ಹಬ್ಬುತ್ತವೆ. ಆದ್ದರಿಂದ ಕ್ಷಯದ ಪ್ರತಿರೋಧವನ್ನು ತಡೆಯುವ ಜಾಗ ರೋಗಿಯ ಮನೆ ಮತ್ತು ಆರೋಗ್ಯ ಕೇಂದ್ರ.

ಆಸ್ಪತ್ರೆಗಳಲ್ಲಿ ಗಂಭೀರ ನ್ಯುಮೋನಿಯಾ ತರುವ ಕ್ಲೆಬ್ಸಿಯೆಲ್ಲಾದಂಥವು ಬೇರೆ ಜಾತಿಯವು. ಅವು ಪ್ಲಾಸ್ಮಿಡ್ ಎಂಬ ಜೀನ್ ಉಂಗುರಗಳನ್ನು ನೆರೆಯ ಬ್ಯಾಕ್ಟೀರಿಯಾಗಳೊಡನೆ ಹಂಚಿಕೊಳ್ಳುತ್ತವೆ. ಔಷಧ ಬೆರೆತ ಕೆಸರಿನಲ್ಲಿ ನಿರುಪದ್ರವಿ ಬ್ಯಾಕ್ಟೀರಿಯಾ ಗಳಿಸಿಕೊಂಡ ಜೀನ್, ನೀರು, ದನಕರು, ಜನರ ಕರುಳಿನ ಮೂಲಕ ಸಾಗಿ ಇವುಗಳ ಕೈಸೇರಬಹುದು. ಈ ದಾರಿಯನ್ನು ರೋಗಿ ಎಷ್ಟೇ ಶಿಸ್ತಿನಿಂದ ಮಾತ್ರೆ ನುಂಗಿದರೂ ಮುಚ್ಚಲಾಗದು. ಅದನ್ನು ಮುಚ್ಚಬೇಕಾದ್ದು ಕಾರ್ಖಾನೆಯ ಗೇಟಿನಲ್ಲಿ.

ಈ ಎರಡಕ್ಕೂ ನೀರೆರೆಯುವುದು ಅನಗತ್ಯ ಬಳಕೆ. ನೆಗಡಿ, ಗಂಟಲು ಕೆರೆತಗಳಲ್ಲಿ ಹೆಚ್ಚಿನವು ವೈರಸ್ಸಿನವು. ಅವುಗಳ ಮೇಲೆ ಪ್ರತಿಜೀವಕ ಕೆಲಸ ಮಾಡುವುದೇ ಇಲ್ಲ. ಆದರೂ ದಿನಗೂಲಿ ತಪ್ಪಬಾರದೆಂದು ಮೆಡಿಕಲ್ ಅಂಗಡಿಯಲ್ಲಿ ಎರಡು ದಿನದ ಮಾತ್ರೆ ಕೊಳ್ಳುವುದು, ಒಂದು ಸೂಜಿ ಹಾಕಿಸಿಕೊಂಡು ಹೊಲಕ್ಕೆ ಹೋಗುವುದು ಗಡಿಯ ಎರಡೂ ಕಡೆ ರೂಢಿಯಲ್ಲಿದೆ.

ಕಾನೂನು ಮತ್ತು ಕ್ರಮಗಳು

2013ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಎಚ್1 ಪಟ್ಟಿ ಪ್ರಕಟಿಸಿತು. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಈ ನಿಯಮದಂತೆ ಪಟ್ಟಿಯಲ್ಲಿರುವ ಪ್ರತಿಜೀವಕ ಮತ್ತು ಕ್ಷಯದ ಔಷಧಗಳನ್ನು ವೈದ್ಯರ ಚೀಟಿ ನೋಡಿಯೇ ಕೊಡಬೇಕು, ರೋಗಿಯ ಮತ್ತು ವೈದ್ಯರ ಹೆಸರನ್ನು ದಾಖಲಿಸಬೇಕು. 2017ರಲ್ಲಿ ಪ್ರತಿರೋಧ ತಡೆಯುವ ರಾಷ್ಟ್ರೀಯ ಕ್ರಿಯಾಯೋಜನೆ ಬಂತು. 2019ರಲ್ಲಿ ಕೋಳಿ, ದನಗಳ ಮೇವಿನಲ್ಲಿ ಕೊಲಿಸ್ಟಿನ್ ಎಂಬ ಪ್ರತಿಜೀವಕದ ಬಳಕೆಯನ್ನು ನಿಷೇಧಿಸಲಾಯಿತು. ನ್ಯುಮೋನಿಯಾ ತಡೆಯುವ ನ್ಯುಮೊಕಾಕಲ್ ಲಸಿಕೆ 2021ರಲ್ಲಿ ದೇಶದೆಲ್ಲೆಡೆಯ ಮಕ್ಕಳಿಗೆ ವಿಸ್ತರಿಸಿತು. ಸೋಂಕೇ ಆಗದಿದ್ದರೆ ಪ್ರತಿಜೀವಕದ ಮಾತೇ ಬರುವುದಿಲ್ಲ.

ಕ್ಷಯದಲ್ಲಿ ಊಟದ ಪಾತ್ರವನ್ನು ಹೊಸದಾಗಿ ಸಾಬೀತುಪಡಿಸಿದವರಲ್ಲಿ ಮಂಗಳೂರಿನ ಯೆನೆಪೊಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮುಖ್ಯರು. ಅವರ ತಂಡ ಜಾರ್ಖಂಡಿನಲ್ಲಿ ರೋಗಿಗಳ ಮನೆಯವರಿಗೆ ಆಹಾರಧಾನ್ಯ ಕೊಟ್ಟು ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ತಗ್ಗಿತ್ತು. ಆರೋಗ್ಯಧಾಮಗಳ ಕಾಲದ ವೈದ್ಯರು ಊಟಕ್ಕೆ ಕೊಟ್ಟ ಮಹತ್ವ ಹುಸಿಯಾಗಿರಲಿಲ್ಲ.

ಕಾರ್ಖಾನೆಯ ನೀರಿನ ವಿಷಯ ಮಾತ್ರ ಹಿಂದೆ ಬಿದ್ದಿದೆ. 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಔಷಧ ಕಾರ್ಖಾನೆಗಳ ನೀರಿನಲ್ಲಿ ಪ್ರತಿಜೀವಕಗಳ ಶೇಷಕ್ಕೆ ಮಿತಿ ಹಾಕುವ ಕರಡು ನಿಯಮ ಹೊರಡಿಸಿತು. 2021ರ ಆಗಸ್ಟಿನ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳನ್ನು ಕೈಬಿಡಲಾಗಿತ್ತು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಗ್ಗೆ ಮಾರ್ಗಸೂಚಿ ಪ್ರಕಟಿಸಿತು, ಆದರೆ ಮಾರ್ಗಸೂಚಿಗೆ ಕಾನೂನಿನ ಬಲವಿಲ್ಲ.

ಮೌಲ್ಯಮಾಪನ

2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ನೇರವಾಗಿ ಪ್ರತಿರೋಧದಿಂದಲೇ ಸತ್ತರೆಂದು ಜಾಗತಿಕ ಅಧ್ಯಯನವೊಂದು ಅಂದಾಜಿಸಿದೆ. ಶ್ವಾಸಕೋಶದ ಸೋಂಕುಗಳೇ ಅದರಲ್ಲಿ ದೊಡ್ಡ ಪಾಲು. ಅನಂತಗಿರಿ–ಮಂಜೀರಾ ಸೀಮೆಯ ಚರಿತ್ರೆಯಲ್ಲಿ ರೋಗಿ, ವೈದ್ಯ, ಅಂಗಡಿಕಾರ ಮೂವರಿಗೂ ಈಗ ನಿಯಮಗಳಿವೆ. ಅಷ್ಟೇ ಸ್ಪಷ್ಟವಾದ ನಿಯಮ ಔಷಧ ಕಾರ್ಖಾನೆಯ ಹೊರಗಾಲುವೆಗೂ ಬೇಕು. ಕೊನೆಯ ಮಾತ್ರೆಯವರೆಗೆ ಕೋರ್ಸ್ ಮುಗಿಸಿರೆಂದು ತಾಂಡೂರಿನ ಕೂಲಿಯವನಿಗೆ ಹೇಳುವ ಸರ್ಕಾರ, ಅದೇ ಔಷಧವನ್ನು ಹಳ್ಳಕ್ಕೆ ಬಿಡಬೇಡಿರೆಂದು ಕಾರ್ಖಾನೆಗೂ ಕಾನೂನಿನ ಮೂಲಕ ಹೇಳಬೇಕು. ಕೈಬಿಟ್ಟ ಮಿತಿಗಳನ್ನು ಮತ್ತೆ ಸೇರಿಸುವುದೇ ಆ ದಿಕ್ಕಿನ ಮೊದಲ ಹೆಜ್ಜೆ.