ಸತ್ತವರ ಮನೆದಾರಿಗೆ ಚೆಂಡುಹೂವು

ಆಯುಧಪೂಜೆಯ ದಿನ ಬಸ್ಸು, ಲಾರಿ, ಸ್ಕೂಟರುಗಳ ಕೊರಳಿಗೆ ಬೀಳುವ ಚೆಂಡುಹೂವನ್ನು ನಾವೆಲ್ಲ ನಮ್ಮದೇ ಹೂವೆಂದು ನಂಬಿದ್ದೇವೆ. ಗುಂಡ್ಲುಪೇಟೆಯ ಕಡೆ ಹೋದವರು ರಸ್ತೆಯ ಬದಿಯಲ್ಲಿ ಹೊಲಗಟ್ಟಲೆ ಅರಳಿ ನಿಂತ ಹಳದಿ, ಕೇಸರಿಯನ್ನು ನೋಡಿರುತ್ತಾರೆ. ಆದರೆ ಈ ಗಿಡದ ತವರು ಮೆಕ್ಸಿಕೊ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಆ ನಾಡನ್ನು ಗೆದ್ದ ಮೇಲೆ ಅದರ ಬೀಜ ಹಡಗು ಹತ್ತಿ ಯುರೋಪಿಗೂ ಅನಂತರ ನಮ್ಮ ದೇಶಕ್ಕೂ ಬಂತು. ನಮ್ಮಲ್ಲಿ ಮದುವೆ ಚಪ್ಪರಕ್ಕೂ ಬಾಗಿಲ ತೋರಣಕ್ಕೂ ಒದಗುವ ಈ ಹೂವಿಗೆ ತವರಿನಲ್ಲಿ ಇನ್ನೊಂದು ಕೆಲಸವಿದೆ. ಅಲ್ಲಿ ಅದು ಸತ್ತವರಿಗೆ ಮನೆಯ ದಾರಿ ತೋರಿಸುತ್ತದೆ.

ನವೆಂಬರ್ 1 ಮತ್ತು 2 ಮೆಕ್ಸಿಕೊದಲ್ಲಿ ‘ದಿಯಾ ದೆ ಮುಯೆರ್ತೋಸ್’, ಅಂದರೆ ಸತ್ತವರ ದಿನ. ಮೊದಲ ದಿನ ತೀರಿಕೊಂಡ ಮಕ್ಕಳು, ಮರುದಿನ ದೊಡ್ಡವರು ಮನೆಗೆ ಬಂದು ಹೋಗುತ್ತಾರೆಂಬ ನಂಬಿಕೆ. ಮನೆಯ ಒಂದು ಮೂಲೆಯಲ್ಲಿ ಮೇಜು ಜೋಡಿಸಿ, ಬಟ್ಟೆ ಹಾಸಿ, ಹೋದವರ ಫೋಟೊ ಇಡುತ್ತಾರೆ. ಇದಕ್ಕೆ ‘ಓಫ್ರೆಂಡಾ’ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಎಡೆ. ದೂರದಿಂದ ಬಾಯಾರಿ ಬಂದವರಿಗೆ ಒಂದು ಲೋಟ ನೀರು, ಒಂದು ಚಿಟಿಕೆ ಉಪ್ಪು, ಮೇಣದಬತ್ತಿ, ಕೋಪಾಲ್ ಎಂಬ ಮರದ ಅಂಟಿನ ಧೂಪ, ಹಬ್ಬಕ್ಕೆಂದೇ ಬೇಯಿಸಿದ ಸಿಹಿ ಬ್ರೆಡ್ಡು. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ ಅಚ್ಚಿಗೆ ಹಾಕಿ ತೆಗೆದ ತಲೆಬುರುಡೆಗಳೂ ಇರುತ್ತವೆ. ಇವುಗಳ ಜೊತೆಗೆ ಹೋದವರಿಗೆ ಯಾವುದು ಇಷ್ಟವೋ ಅದು: ಸಾರು, ಸಿಗರೇಟು, ಒಂದು ಸೀಸೆ ಮದ್ಯ, ಮಗುವಾಗಿದ್ದರೆ ಆಟಿಕೆ. ಹಿರಿಯರ ಎಡೆಗೆ ಬೀಡಿ, ಹೆಂಡ ಇಡುವ ಊರುಗಳು ನಮ್ಮಲ್ಲೂ ಇರುವುದರಿಂದ ಇದನ್ನು ಓದುಗರಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಎರಡು ಆಚರಣೆಗಳಿಗೆ ಸಂಬಂಧವೇನೂ ಇಲ್ಲ, ಹೋಲಿಕೆ ಮಾತ್ರ ಇದೆ.

ಬಾಗಿಲಿನಿಂದ ಎಡೆಯ ತನಕ ಚೆಂಡುಹೂವಿನ ಎಸಳುಗಳನ್ನು ಹಾಸುತ್ತಾರೆ. ಆ ಬಣ್ಣ ಮತ್ತು ಘಾಟುವಾಸನೆಯ ಜಾಡು ಹಿಡಿದು ಆತ್ಮಗಳು ಬರುತ್ತವಂತೆ. ಮೆಕ್ಸಿಕೊದ ಮೂಲನಿವಾಸಿಗಳ ನಹುಆಟ್ಲ್ ಭಾಷೆಯಲ್ಲಿ ಈ ಹೂವಿನ ಹೆಸರಿಗೆ ‘ಇಪ್ಪತ್ತರ ಹೂವು’ ಎಂದು ಅರ್ಥ. ಅದರ ತುಂಬು ಎಸಳು ನೋಡಿ ಇಟ್ಟ ಹೆಸರು. ಹಳ್ಳಿಗಳಲ್ಲಿ ಜನ ಗೋರಿಗಳನ್ನು ತೊಳೆದು, ಹೂವು ಮುಚ್ಚಿ, ಬತ್ತಿ ಹಚ್ಚಿ ರಾತ್ರಿಯಿಡೀ ಸ್ಮಶಾನದಲ್ಲೇ ಕುಳಿತಿರುತ್ತಾರೆ. ಊಟ, ಹರಟೆ, ಹಾಡು, ನಡುವೆ ಅಳು, ಎಲ್ಲವೂ ಅಲ್ಲೇ. 1962ರಿಂದ 1968ರವರೆಗೆ ದೆಹಲಿಯಲ್ಲಿ ಮೆಕ್ಸಿಕೊದ ರಾಯಭಾರಿಯಾಗಿದ್ದ ಕವಿ ಆಕ್ಟೇವಿಯೊ ಪಾಜ್ 1950ರ ತಮ್ಮ ಪ್ರಸಿದ್ಧ ಗದ್ಯಕೃತಿಯಲ್ಲಿ ಮೆಕ್ಸಿಕೊದವರು ಸಾವಿನೊಡನೆ ಸಲುಗೆಯಿಂದ ಆಟವಾಡುತ್ತಾರೆ ಎಂಬ ಧಾಟಿಯಲ್ಲಿ ಬರೆದರು. ಈ ಮಾತು ಆಮೇಲೆ ಪ್ರವಾಸಿ ಕೈಪಿಡಿಗಳ ತನಕ ಹಬ್ಬಿತು. ಆದರೆ ಮಗುವಿನ ಗೋರಿಯ ಮುಂದೆ ಆಟಿಕೆ ಇಟ್ಟು ಕುಳಿತ ತಾಯಿಗೆ ಸಾವಿನ ಜೊತೆ ಯಾವ ಸಲುಗೆ ಇದ್ದೀತು?

ಹಬ್ಬದ ಮೂಲ ಯಾವುದು? ಸ್ಪೇನಿನವರು ಬರುವುದಕ್ಕೆ ಮೊದಲು ಅಜ್ಟೆಕ್ ಜನ ಸತ್ತವರಿಗಾಗಿ ಎರಡು ಹಬ್ಬ ಮಾಡುತ್ತಿದ್ದರು. ಒಂದು ಮಕ್ಕಳಿಗೆ, ಇನ್ನೊಂದು ದೊಡ್ಡವರಿಗೆ. ಅವು ಬರುತ್ತಿದ್ದುದು ಆಗಸ್ಟಿನ ಆಸುಪಾಸಿನಲ್ಲಿ. ನವೆಂಬರಿನ ಎರಡು ದಿನಗಳು ಕ್ಯಾಥೊಲಿಕ್ ಪಂಚಾಂಗದವು: ಸಕಲ ಸಂತರ ದಿನ ಮತ್ತು ಸಕಲ ಆತ್ಮಗಳ ದಿನ. ಹದಿನಾರನೆಯ ಶತಮಾನದಲ್ಲಿ ಅಲ್ಲಿದ್ದ ಪಾದ್ರಿ ಡಿಯೆಗೊ ಡುರಾನ್‌ಗೆ ಒಂದು ಗುಮಾನಿ ಹುಟ್ಟಿತ್ತು. ಸಂತರ ದಿನ ಮಕ್ಕಳಿಗೆ, ಮರುದಿನ ದೊಡ್ಡವರಿಗೆ ಎಡೆ ಇಡುವುದನ್ನು ಕಂಡ ಆತ, ಇವರು ಚರ್ಚಿನ ಮರೆಯಲ್ಲಿ ತಮ್ಮ ಹಳೆಯ ಹಬ್ಬವನ್ನೇ ಮಾಡುತ್ತಿದ್ದಾರೆಂದು ಬರೆದಿಟ್ಟ. ಇದಕ್ಕೆ ವಿರುದ್ಧವಾಗಿ ಮೆಕ್ಸಿಕೊದ ಇತಿಹಾಸಕಾರ್ತಿ ಎಲ್ಸಾ ಮಾಲ್ವಿಡೊ, ಇದೆಲ್ಲ ಮಧ್ಯಯುಗದ ಯುರೋಪಿನಿಂದ ಬಂದದ್ದು, ಅಜ್ಟೆಕ್ ಮೂಲದ ಕಥೆ ಇಪ್ಪತ್ತನೆಯ ಶತಮಾನದ ರಾಷ್ಟ್ರೀಯವಾದಿಗಳು ಕಟ್ಟಿದ್ದು ಎಂದು ವಾದಿಸಿದರು.

ಎಡೆಯ ಮೇಜನ್ನೇ ಒಮ್ಮೆ ನೋಡಿದರೆ ಉತ್ತರ ಸಿಗುತ್ತದೆಂದು ನನಗೆ ತೋರುತ್ತದೆ. ಬ್ರೆಡ್ಡಿನ ಗೋಧಿಯೂ ಬುರುಡೆಯ ಸಕ್ಕರೆಯೂ ಸ್ಪೇನಿನವರ ಜೊತೆ ಬಂದವು. ಮೆಕ್ಕೆಜೋಳ, ಕೋಕೊ, ಕೋಪಾಲ್ ಮತ್ತು ಚೆಂಡುಹೂವು ಆ ಮಣ್ಣಿನವು. ಯಾವುದನ್ನು ತೆಗೆದರೂ ಅದು ಆ ಎಡೆಯಾಗಿ ಉಳಿಯುವುದಿಲ್ಲ.

ಇಂದು ಹಬ್ಬದ ಗುರುತಾಗಿರುವ, ದೊಡ್ಡ ಹೂವಿನ ಟೋಪಿ ತೊಟ್ಟ ಅಸ್ಥಿಪಂಜರದ ಹೆಣ್ಣಂತೂ ತೀರಾ ಈಚಿನವಳು. ಅವಳ ಹೆಸರು ಕತ್ರೀನಾ. ಹೊಸೆ ಗ್ವಾದಲೂಪೆ ಪೊಸಾದ (1852-1913) ಎಂಬ ಕೆತ್ತನೆಗಾರ ಅಗ್ಗದ ಕರಪತ್ರಗಳಿಗಾಗಿ ಕೆತ್ತಿದ ವ್ಯಂಗ್ಯಚಿತ್ರವದು. ತಮ್ಮ ಮೂಲ ಮುಚ್ಚಿಟ್ಟು ಯುರೋಪಿನ ಬೆಡಗು ಮೆರೆಸುತ್ತಿದ್ದವರಿಗೆ, ಮೇಲಿನ ಟೋಪಿ ಎಷ್ಟೇ ಚೆಂದವಿದ್ದರೂ ಒಳಗಿರುವುದು ಇದೇ ಬುರುಡೆ ಎಂದು ಹಾಕಿದ ಚಾಟಿ. ಮೂಲ ಚಿತ್ರದಲ್ಲಿ ಇದ್ದದ್ದು ತಲೆ ಮತ್ತು ಟೋಪಿ ಮಾತ್ರ. 1947ರಲ್ಲಿ ಡಿಯೆಗೊ ರಿವೇರಾ ಮೆಕ್ಸಿಕೊ ನಗರದ ಹೋಟೆಲೊಂದರ ಭಿತ್ತಿಚಿತ್ರದಲ್ಲಿ ಅವಳಿಗೆ ಮೈಯನ್ನೂ ಉಡುಪನ್ನೂ ಕೊಟ್ಟು, ಬಾಲಕನ ರೂಪದಲ್ಲಿ ತಾನೇ ಅವಳ ಕೈ ಹಿಡಿದು ನಿಂತ. ಅವಳ ಇನ್ನೊಂದು ಪಕ್ಕದಲ್ಲಿ ಪೊಸಾದನನ್ನು ನಿಲ್ಲಿಸಿದ. ಬಡತನದಲ್ಲಿ ಸತ್ತ ಪೊಸಾದನನ್ನು ಕಡು ಬಡವರ ಗೋರಿಯಲ್ಲಿ ಹೂತಿದ್ದರು. ಕೆಲವು ವರ್ಷಗಳ ಮೇಲೆ ವಾರಸುದಾರರಿಲ್ಲದ ಅವನ ಮೂಳೆಗಳು ಸಾಮೂಹಿಕ ಗುಂಡಿಗೆ ಸೇರಿದವು. ಲಕ್ಷಾಂತರ ಮನೆಗಳ ಎಡೆಗೆ ಬುರುಡೆ ಕೊಟ್ಟವನಿಗೆ ಹೂವಿಡಲು ಒಂದು ಗೋರಿ ಇಲ್ಲ.

ಗಡಿಯಾಚೆಯ ಅಮೆರಿಕದಲ್ಲಿ ಇದು ಸಮುದಾಯದ ಹಬ್ಬವಾದ ಬಗೆ ಇನ್ನೂ ಕುತೂಹಲದ್ದು. ಅಲ್ಲಿ ನೆಲೆಸಿದ್ದ ಮೆಕ್ಸಿಕೊ ಮೂಲದ ಬಹಳಷ್ಟು ಕುಟುಂಬಗಳು ಉತ್ತರ ಮೆಕ್ಸಿಕೊದವು. ಓಫ್ರೆಂಡಾದ ರೂಢಿ ಗಟ್ಟಿಯಾಗಿದ್ದುದು ವಹಾಕಾ, ಮಿಚೋಕಾನ್‌ನಂಥ ದಕ್ಷಿಣ, ಮಧ್ಯ ಪ್ರಾಂತ್ಯಗಳಲ್ಲಿ. ಹೀಗಾಗಿ ಅಮೆರಿಕದಲ್ಲೇ ಹುಟ್ಟಿದ ಯುವಕರಿಗೆ ಹಬ್ಬ ಮನೆಯಿಂದ ಬರಲಿಲ್ಲ, ಕಲಿಯಬೇಕಾಯಿತು. 1970ರ ಆಗಸ್ಟ್ 29ರಂದು ಪೂರ್ವ ಲಾಸ್ ಏಂಜಲೀಸ್‌ನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಈ ಸಮುದಾಯದವರ ಬೃಹತ್ ಮೆರವಣಿಗೆ ನಡೆಯಿತು. ತಮ್ಮ ಮಕ್ಕಳೇ ಹೆಚ್ಚಾಗಿ ಸಾಯುತ್ತಿದ್ದಾರೆಂಬುದು ಅವರ ಅಳಲಾಗಿತ್ತು. ಅಂದು ಪೊಲೀಸರು ಹಾರಿಸಿದ ಅಶ್ರುವಾಯು ಶೆಲ್ಲು ಬಡಿದು ಪತ್ರಕರ್ತ ರೂಬೆನ್ ಸಲಾಜಾರ್ ಸತ್ತರು. ಗೌರವದಿಂದ ನೆನೆಯಬೇಕಾದ ಸಾವುಗಳು ಆ ಬೀದಿಗಳಲ್ಲಿ ಸಾಕಷ್ಟಿದ್ದವು.

1972ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ‘ಗಲೇರಿಯಾ ದೆ ಲಾ ರಾಸಾ’ ಕಲಾ ಗ್ಯಾಲರಿ ಈ ಹಬ್ಬದ ಪ್ರದರ್ಶನ ಏರ್ಪಡಿಸಿತು. ಮರುವರ್ಷ ಪೂರ್ವ ಲಾಸ್ ಏಂಜಲೀಸ್‌ನ ‘ಸೆಲ್ಫ್ ಹೆಲ್ಪ್ ಗ್ರಾಫಿಕ್ಸ್’ ಎಂಬ ಮುದ್ರಣ ಕಲಾಕೇಂದ್ರ ಹಬ್ಬ ಆರಂಭಿಸಿತು. ಅದರ ಮುಂದಾಳು ಫ್ರಾನ್ಸಿಸ್ಕನ್ ಸಂನ್ಯಾಸಿನಿ, ಚಿತ್ರಕಲಾವಿದೆ ಕರೆನ್ ಬೊಕಲೆರೊ. ಜೊತೆಗಿದ್ದವರು ಮೆಕ್ಸಿಕೊದಿಂದ ಬಂದ ಕಲಾವಿದರಾದ ಕಾರ್ಲೋಸ್ ಬುಯೆನೊ ಮತ್ತು ಆಂಟೋನಿಯೊ ಇಬಾನ್ಯೆಸ್. ಮೊದಲ ವರ್ಷಗಳಲ್ಲಿ ಜನ ಮುಖಕ್ಕೆ ಬುರುಡೆಯ ಬಣ್ಣ ಬಳಿದುಕೊಂಡು ಎವರ್‌ಗ್ರೀನ್ ಸ್ಮಶಾನದಿಂದ ಮೆರವಣಿಗೆ ಹೊರಟು ಕೇಂದ್ರಕ್ಕೆ ಬರುತ್ತಿದ್ದರು. ಮನೆಯ ಮೂಲೆಯ ಎಡೆ ಬೀದಿಗೆ ಬಂತು. ಮುಂದೆ ಏಡ್ಸ್‌ನಿಂದ ಸತ್ತವರಿಗೆ, ಗಡಿ ದಾಟುವಾಗ ಮರುಭೂಮಿಯಲ್ಲಿ ನೀರಿಲ್ಲದೆ ಸತ್ತವರಿಗೆ ಅಲ್ಲಿ ಎಡೆಗಳೆದ್ದವು. ಹೆಸರೂ ತಿಳಿಯದವರಿಗೆ ಒಂದು ಲೋಟ ನೀರಿಟ್ಟವರು ರಕ್ತಸಂಬಂಧಿಗಳಲ್ಲ, ಕೇರಿಯವರು.

ವ್ಯಾಪಾರವೂ ಹಿಂದೆಯೇ ಬಂತೆನ್ನಿ. 2013ರಲ್ಲಿ ಡಿಸ್ನಿ ಕಂಪನಿ ಹಬ್ಬದ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಅರ್ಜಿ ಹಾಕಿ, ಜನ ರೇಗಿದ ಮೇಲೆ ಹಿಂತೆಗೆದುಕೊಂಡಿತು. 2015ರ ಜೇಮ್ಸ್ ಬಾಂಡ್ ಚಿತ್ರ ‘ಸ್ಪೆಕ್ಟರ್’ನ ಆರಂಭದಲ್ಲಿ ಮೆಕ್ಸಿಕೊ ನಗರದ ಒಂದು ಭರ್ಜರಿ ಮೆರವಣಿಗೆ ಇದೆ. ಅಂಥ ಮೆರವಣಿಗೆ ಆ ನಗರದಲ್ಲಿ ಇರಲೇ ಇಲ್ಲ! ಸಿನಿಮಾ ನೋಡಿದ ಪ್ರವಾಸಿಗಳು ಕೇಳಿಯಾರೆಂದು 2016ರಲ್ಲಿ ಸರ್ಕಾರವೇ ಶುರುಮಾಡಿತು.

ಇದನ್ನು ಗೇಲಿ ಮಾಡಿ ಮುಗಿಸಬಹುದಿತ್ತು. ಆದರೆ 2017ರ ಸೆಪ್ಟೆಂಬರ್ 19ರಂದು ಭೂಕಂಪವಾಗಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅವಶೇಷಗಳ ಮೇಲೆ ನಿಂತ ಸ್ವಯಂಸೇವಕರು ಮುಷ್ಟಿ ಎತ್ತಿದರೆ ಎಲ್ಲರೂ ಸದ್ದು ನಿಲ್ಲಿಸಬೇಕಿತ್ತು, ಕೆಳಗಿನಿಂದ ಯಾರಾದರೂ ಕೂಗುತ್ತಿದ್ದಾರೆಯೇ ಎಂದು ಆಲಿಸಲು. ಆ ವರ್ಷದ ಮೆರವಣಿಗೆಯ ಮುಂದೆ ಸಾಗಿದ್ದು ಅದೇ ಎತ್ತಿದ ಮುಷ್ಟಿಯ ಪ್ರತಿಕೃತಿ. ಸಿನಿಮಾದವರು ಹುಟ್ಟಿಸಿದ ಮೆರವಣಿಗೆ ಒಂದೇ ವರ್ಷದಲ್ಲಿ ಊರಿನ ಶೋಕವನ್ನು ಹೊತ್ತಿತು.

ಈ ಎಡೆಯಿಂದ ಹೊರಗೆ ಉಳಿದವರೂ ಇದ್ದಾರೆ. ಮೆಕ್ಸಿಕೊದಲ್ಲಿ ನಾಪತ್ತೆಯಾದವರ ಸರ್ಕಾರಿ ಪಟ್ಟಿ 2022ರ ಮೇ ತಿಂಗಳಲ್ಲಿ ಒಂದು ಲಕ್ಷ ದಾಟಿತು. ಬಹುಪಾಲು ಮಾದಕವಸ್ತು ಗುಂಪುಗಳ ಕಾಳಗದ ಕಾಲದಲ್ಲಿ ಕಣ್ಮರೆಯಾದವರು. ಅವರ ತಾಯಂದಿರು ಕೈಯಲ್ಲಿ ಸಲಿಕೆ ಹಿಡಿದು ಬಯಲುಗಳಲ್ಲಿ ಮಗನಿಗಾಗಿ, ಮಗಳಿಗಾಗಿ ಅಗೆಯುತ್ತಾರೆ. ನವೆಂಬರ್ ಬಂದಾಗ ಅವರಲ್ಲಿ ಎಷ್ಟೋ ಮಂದಿ ಅಜ್ಜ ಅಜ್ಜಿಯ ಫೋಟೊ ಇಟ್ಟು ಹೂವು ಹಾಸುತ್ತಾರೆ, ಮಕ್ಕಳ ಫೋಟೊ ಮಾತ್ರ ಇಡುವುದಿಲ್ಲ. ಇಟ್ಟರೆ ಸತ್ತರೆಂದು ಒಪ್ಪಿಕೊಂಡ ಹಾಗಾಗುತ್ತದೆ.