ಬೆಕ್ಕಿಗೆ ಮನೆಯ ದಾರಿ ಗೊತ್ತೆ?

ಬೇಡವಾದ ಬೆಕ್ಕನ್ನು ಊರಾಚೆ ಬಿಟ್ಟುಬರುವ ರೂಢಿ ನಮ್ಮ ಹಳ್ಳಿಗಳಲ್ಲಿ ಬಹಳ ಹಳೆಯದು. ಹಾಲಿನ ಪಾತ್ರೆಗೆ ಬಾಯಿ ಹಾಕಿತೆಂದೋ, ಮನೆ ತುಂಬ ಮರಿ ಹಾಕಿತೆಂದೋ ಅದನ್ನು ಗೋಣಿಚೀಲದಲ್ಲಿ ಕಟ್ಟುತ್ತಾರೆ. ದಿಕ್ಕು ತಪ್ಪಲಿ ಎಂದು ಚೀಲವನ್ನು ನಾಲ್ಕಾರು ಸುತ್ತು ತಿರುಗಿಸುತ್ತಾರೆ. ಹಳ್ಳ ದಾಟಿಸಿ ಬಿಟ್ಟು ಬರುತ್ತಾರೆ. ಮರುದಿನ ಬೆಳಿಗ್ಗೆ ನೋಡಿದರೆ ಅದೇ ಬೆಕ್ಕು ಒಲೆಯ ಬೂದಿಯ ಪಕ್ಕದಲ್ಲಿ ಮೈ ಕಾಯಿಸಿಕೊಳ್ಳುತ್ತಿರುತ್ತದೆ! ಬಸವಕಲ್ಯಾಣ ತಾಲೂಕಿನ ಮಂಠಾಳದಂಥ ಗಡಿಭಾಗದ ಊರುಗಳಲ್ಲಿ ಕನ್ನಡದವರಿಗೆ ಅದು ಬೆಕ್ಕು, ದಖನಿ ಮಾತಾಡುವವರಿಗೆ ಬಿಲ್ಲಿ, ಮರಾಠಿಯವರಿಗೆ ಮಾಂಜರ. ಹೆಸರು ಮೂರಾದರೂ ಕಥೆ ಒಂದೇ.

ಈ ಕಥೆ ಎಷ್ಟರಮಟ್ಟಿಗೆ ನಿಜ? ಇದನ್ನು ತಿಳಿಯಲು ಇತಿಹಾಸದ ಪುಟ ತೆರೆದರೆ ಅಲ್ಲಿ ಬೆಕ್ಕು ಸುಲಭವಾಗಿ ಸಿಗುವುದಿಲ್ಲ. ಉದಾಹರಣೆಗೆ ನಮ್ಮ ಕಲ್ಯಾಣವನ್ನೇ ತೆಗೆದುಕೊಳ್ಳೋಣ. ಇಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅರಸರ ವಿನೋದಗಳನ್ನು ವಿವರಿಸುವ ಭಾಗದಲ್ಲಿ ಆನೆ, ಕುದುರೆ, ಹುಂಜ, ಟಗರು, ಕೋಣ, ಪಾರಿವಾಳ, ನಾಯಿ, ಗಿಡುಗ ಇವಕ್ಕೆಲ್ಲ ಜಾಗ ದೊರೆತಿದೆ. ಬೆಕ್ಕಿನ ವಿನೋದ ಮಾತ್ರ ಅಲ್ಲಿಲ್ಲ. ಅದೇ ಶತಮಾನದಲ್ಲಿ ಸಿರಿಯಾದ ಸುಲ್ತಾನ ನೂರುದ್ದೀನ್ ಝಂಗಿ, ಗೂಡಿಗೆ ಮರಳುವ ಪಾರಿವಾಳಗಳನ್ನು ನಂಬಿ ದೊಡ್ಡದೊಂದು ಅಂಚೆ ವ್ಯವಸ್ಥೆಯನ್ನೇ ಕಟ್ಟಿದ್ದ. ಪಾರಿವಾಳ ಮರಳಿದರೆ ಅರಸನಿಗೆ ಸುದ್ದಿ ಬರುತ್ತದೆ. ಬೆಕ್ಕು ಮರಳಿದರೆ ಅಡುಗೆಮನೆಯ ಹೆಂಗಸಿಗಷ್ಟೇ ಗೊತ್ತಾಗುತ್ತದೆ. ಆದ್ದರಿಂದ ಪಾರಿವಾಳದ ದಾರಿ ಗ್ರಂಥ ಸೇರಿತು, ಬೆಕ್ಕಿನ ದಾರಿ ಅಜ್ಜಿಯರ ಬಾಯಲ್ಲೇ ಉಳಿಯಿತು.

ಆದರೆ ಅರಮನೆ ಮರೆತ ಈ ಪ್ರಾಣಿಯನ್ನು ಹದೀಸ್ ಸಂಗ್ರಹಗಳು ಮರೆಯಲಿಲ್ಲ. ಸಹಾಬಿ ಅಬೂ ಕತಾದ(ರ)ರಿಗೆ ಅವರ ಸೊಸೆ ಕಬ್ಶ ವುಝೂವಿಗೆಂದು ನೀರು ಇಟ್ಟಿದ್ದರು. ಬೆಕ್ಕೊಂದು ಬಂದಾಗ ಅವರು ಅದಕ್ಕೆ ಕುಡಿಯಲು ಅನುಕೂಲವಾಗಲೆಂದು ಪಾತ್ರೆಯನ್ನೇ ಓರೆ ಮಾಡಿ ಹಿಡಿದರು. ಸೊಸೆ ಬೆರಗಿನಿಂದ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ಸುತ್ತಮುತ್ತ ಸುತ್ತಾಡುವವರ ಪೈಕಿ ಸೇರಿದ್ದು ಎಂದು ಪ್ರವಾದಿವರ್ಯರು(ಸ) ಹೇಳಿದ್ದನ್ನು ತಿಳಿಸಿದರು. ಇಲ್ಲಿ ಬಳಕೆಯಾದ ಪದ, ಕಅಬಾದ ಸುತ್ತ ಮಾಡುವ ತವಾಫ್ ಯಾವ ಧಾತುವಿನಿಂದ ಬಂದಿದೆಯೋ ಅದೇ ಧಾತುವಿನದು. ನಮ್ಮಲ್ಲಿಯೂ ಬೆಕ್ಕು ತನ್ನ ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎನ್ನುತ್ತಾರೆ. 14ನೇ ಶತಮಾನದಲ್ಲಿ ಈಜಿಪ್ಟಿನ ವಿದ್ವಾಂಸ ಅದ್ದಮೀರಿ ತನ್ನ 'ಹಯಾತುಲ್ ಹಯವಾನ್' ಎಂಬ ಪ್ರಾಣಿಕೋಶದಲ್ಲಿ, ಒಂದು ಮನೆಗೆ ಹೊಂದಿಕೊಂಡ ಬೆಕ್ಕು ಬೇರೆ ಬೆಕ್ಕುಗಳನ್ನು ಅಲ್ಲಿಗೆ ಬರಗೊಡದೆ ಕಾದಾಡುತ್ತದೆಂದು ಬರೆದ. ಬೆಕ್ಕಿಗೂ ಮನೆಗೂ ಇರುವ ನಂಟಿನ ಗುಟ್ಟು ಈ ಎರಡು ಮಾತುಗಳಲ್ಲೇ ಇದೆ. ಅದು ಸುತ್ತುವ ಪ್ರಾಣಿ, ಸುತ್ತಿದ ಜಾಗವನ್ನು ತನ್ನದೆಂದು ತಿಳಿಯುವ ಪ್ರಾಣಿ.

ಇದಕ್ಕೆ ಕಾರಣವೂ ಇದೆ. ಮನೆಯ ಬೆಕ್ಕಿನ ಪೂರ್ವಜ ಆಫ್ರಿಕ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು ಎಂದು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು. ನಾಯಿ, ಕುದುರೆಗಳಂತೆ ಅದು ಹಿಂಡಿನ ಪ್ರಾಣಿಯಲ್ಲ, ಒಂಟಿಯಾಗಿ ತನ್ನ ಗಡಿ ಕಾಯುವ ಪ್ರಾಣಿ. ಮನುಷ್ಯ ಧಾನ್ಯ ಕೂಡಿಟ್ಟ, ಧಾನ್ಯಕ್ಕೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಅದು ಮೊದಲು ಒಪ್ಪಿಕೊಂಡದ್ದು ನಮ್ಮ ಕಣಜವನ್ನು, ನಮ್ಮನ್ನು ಒಪ್ಪಿಕೊಂಡದ್ದು ಆಮೇಲೆ.

ವಿಜ್ಞಾನಿಗಳು ಬೆಕ್ಕಿನ ದಾರಿಯನ್ನು ಪರೀಕ್ಷಿಸಲು ಹೊರಟದ್ದು ತೀರ ಈಚೆಗೆ. ಅಮೆರಿಕದ ಫ್ರಾನ್ಸಿಸ್ ಹೆರಿಕ್ ಎಂಬ ಪ್ರಾಣಿಶಾಸ್ತ್ರಜ್ಞ 1922ರಲ್ಲಿ ಈ ಕುರಿತು ಲೇಖನ ಪ್ರಕಟಿಸಿದರು. ಮರಿಗಳಿಂದ ಅಗಲಿಸಿ ಒಂದರಿಂದ ನಾಲ್ಕು ಮೈಲಿ ದೂರ ಬಿಟ್ಟ ತಾಯಿ ಬೆಕ್ಕು ಮರಳಿ ಬಂದದ್ದನ್ನು ಅವರು ದಾಖಲಿಸಿದರು. 1954ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಪ್ರೆಷ್ಟ್ ಮತ್ತು ಲಿಂಡನ್‌ಲೌಬ್ ಎಂಬ ಇಬ್ಬರು, ಹೊರಗೇನೂ ಕಾಣದಂತೆ ಬೆಕ್ಕುಗಳನ್ನು ಒಯ್ದು ಹಲವು ಬಾಗಿಲುಗಳಿದ್ದ ಚಕ್ರವ್ಯೂಹದಲ್ಲಿ ಬಿಟ್ಟರು. ಮನೆ ಹತ್ತಿರವಿದ್ದಾಗ ಹೆಚ್ಚಿನವು ಮನೆಯ ದಿಕ್ಕಿನ ಬಾಗಿಲನ್ನೇ ಆರಿಸಿಕೊಂಡವು. ದೂರ ಹೆಚ್ಚಿದಂತೆ ಈ ಶಕ್ತಿ ಕುಂದಿತು. ಅಂದರೆ ಚೀಲ ತಿರುಗಿಸುವುದು ವ್ಯರ್ಥ ಕಸರತ್ತು, ಆದರೆ ಬೆಕ್ಕಿನ ವಿದ್ಯೆಗೂ ಒಂದು ಎಲ್ಲೆ ಇದೆ.

ಎಲ್ಲೆ ಮೀರಿದ ನಿದರ್ಶನಗಳೂ ಇಲ್ಲದಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 2012ರ ನವೆಂಬರ್‌ನಲ್ಲಿ ತಪ್ಪಿಸಿಕೊಂಡ ಹಾಲಿ ಎಂಬ ಬೆಕ್ಕು ಎರಡು ತಿಂಗಳಲ್ಲಿ ಸುಮಾರು 200 ಮೈಲಿ ದಾಟಿ ತನ್ನ ಊರು ಸೇರಿತು. ಚರ್ಮದಡಿ ಇರಿಸಿದ್ದ ಗುರುತಿನ ಚಿಪ್ ಅದು ಅದೇ ಬೆಕ್ಕೆಂದು ಖಚಿತಪಡಿಸಿತು. ಆದರೆ ಇದು ಪತ್ರಿಕೆಯಲ್ಲಿ ಸುದ್ದಿಯಾದದ್ದು ಅಪರೂಪವೆಂಬ ಕಾರಣಕ್ಕೇ. ಮರಳದೆ ಹೋದ ಬೆಕ್ಕಿನ ಸುದ್ದಿಯನ್ನು ಯಾರೂ ಅಚ್ಚು ಹಾಕುವುದಿಲ್ಲ. ನಮ್ಮ ಹಳ್ಳಿಯ ಕಥೆಗಳದೂ ಇದೇ ಹಣೆಬರಹ. ಮರಳಿದ ಒಂದನ್ನು ಊರೆಲ್ಲ ಹೇಳಿಕೊಳ್ಳುತ್ತದೆ, ಮರಳದ ಹತ್ತು ಮರೆತುಹೋಗುತ್ತವೆ.

ಕಳೆದುಹೋದ ಬೆಕ್ಕುಗಳನ್ನು ಎಣಿಸಿ ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಬೆಕ್ಕು ಕಳೆದುಕೊಂಡ 1,210 ಮಂದಿಯ ಉತ್ತರಗಳನ್ನು ಪರಿಶೀಲಿಸಿದಾಗ, ಶೇಕಡಾ 34ರಷ್ಟು ಬೆಕ್ಕುಗಳು ಒಂದು ವಾರದೊಳಗೆ, ಶೇಕಡಾ 61ರಷ್ಟು ಒಂದು ವರ್ಷದೊಳಗೆ ಸಿಕ್ಕಿದ್ದವು. ಸಿಕ್ಕವುಗಳಲ್ಲಿ ಮುಕ್ಕಾಲು ಪಾಲು ತಪ್ಪಿಸಿಕೊಂಡ ಜಾಗದಿಂದ 500 ಮೀಟರಿನೊಳಗೇ ಇದ್ದವು. ನಾವು ಊರೂರು ಅಲೆಯುತ್ತಿರುವಾಗ ನಮ್ಮ ಬೆಕ್ಕು ಪಕ್ಕದ ಮನೆಯ ಮಾಳಿಗೆಯ ಮೇಲೋ ಕಟ್ಟಿಗೆಯ ರಾಶಿಯ ಹಿಂದೋ ಹೆದರಿ ಮುದುಡಿ ಕೂತಿರುವ ಸಂಭವವೇ ಹೆಚ್ಚು. ಹಾಗಾಗಿ ಹುಡುಕುವವರು ಮೊದಲು ತಮ್ಮ ಓಣಿಯನ್ನೇ ಹುಡುಕಬೇಕು. ಸಂತೆಯ ಗದ್ದಲ ಅಡಗಿದ ರಾತ್ರಿ ಹೊತ್ತಿನಲ್ಲಿ, ದಿನವೂ ಅನ್ನ ಹಾಕುವವರೇ ತಮ್ಮ ಎಂದಿನ ದನಿಯಲ್ಲಿ ಕರೆಯುವುದು ಒಳ್ಳೆಯದು. ದನಿ ಕೇಳಿಯೇ ಯಜಮಾನ ಮನೆಯ ಯಾವ ಕಡೆ ಇದ್ದಾನೆಂದು ಬೆಕ್ಕು ಮನಸ್ಸಿನಲ್ಲಿ ಗುರುತಿಟ್ಟುಕೊಳ್ಳುತ್ತದೆ ಎಂಬುದನ್ನು ಜಪಾನಿನ ಸಾಹೋ ತಕಾಗಿ ಮತ್ತು ಸಂಗಡಿಗರು 2021ರಲ್ಲಿ ತೋರಿಸಿದ್ದಾರೆ.

ನಮ್ಮ ಭಾಗದ ಜನ ಮನೆ ತೊರೆದದ್ದು ಒಂದೆರಡು ಸಲವಲ್ಲ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಶರಣರು ಚದುರಿದರು. 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ನಂತರದ ಹಿಂಸೆಯಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರ್ ಕೂಡ ಒಂದೆಂದು ಸುಂದರಲಾಲ್ ಸಮಿತಿ ಹೇಳಿತು. 1993ರ ಸೆಪ್ಟೆಂಬರ್ 30ರ ಭೂಕಂಪದ ನಂತರ ಗಡಿಯಾಚೆಯ ಕಿಲ್ಲಾರಿಯಂಥ ಊರುಗಳೇ ಜಾಗ ಬದಲಿಸಿದವು. ಈಗ ಹೈದರಾಬಾದು, ಪುಣೆ, ಮುಂಬೈಗಳಿಗೆ ದುಡಿಯಲು ಹೋಗುವವರು ಬಾಗಿಲಿಗೆ ಬೀಗ ಜಡಿದು ಹೋಗುತ್ತಾರೆ. ಎತ್ತು, ಎಮ್ಮೆಗಳನ್ನು ಮಾರುತ್ತಾರೆ ಇಲ್ಲವೇ ನೆಂಟರಿಗೆ ಒಪ್ಪಿಸುತ್ತಾರೆ. ಬೆಕ್ಕಿಗೆ ಬೆಲೆಯಿಲ್ಲದ್ದರಿಂದ ಅದನ್ನು ಯಾರಿಗೂ ಒಪ್ಪಿಸುವುದಿಲ್ಲ. ಹೇಗೋ ಬದುಕಿಕೊಳ್ಳುತ್ತದೆ ಎಂಬ ನಂಬಿಕೆ. ಮನೆಯ ದಾರಿ ಅದಕ್ಕೆ ಗೊತ್ತು ನಿಜ, ಆದರೆ ದಾರಿಯ ಕೊನೆಯಲ್ಲಿ ಬೀಗವಿದ್ದರೆ ಅದು ಏನು ಮಾಡಬೇಕು?

ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ತಿರುಗಾಡಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸಿಗೆ ನರಕ ಶಿಕ್ಷೆಯಾಯಿತೆಂಬ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಕಟ್ಟಿಹಾಕುವುದಷ್ಟೇ ತಪ್ಪೆಂದು ನಾವು ತಿಳಿದರೆ ಸಾಲದು. ಸುತ್ತಿ ಸುತ್ತಿ ತನ್ನದಾಗಿಸಿಕೊಂಡ ನೆಲದಿಂದ ಕಿತ್ತು, ಮಂಠಾಳದ ಬೆಕ್ಕನ್ನು ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟುಬಂದರೆ, ಅಲ್ಲಿ ಪ್ರತಿಯೊಂದು ಮಾಳಿಗೆಯೂ ಬೇರೊಂದು ಬೆಕ್ಕಿನ ಕಾವಲಿನಲ್ಲಿರುತ್ತದೆ. ಅದಕ್ಕೆ ತಿನ್ನುವ ಜಾಗ ಎಲ್ಲಿಯೂ ಇರುವುದಿಲ್ಲ. ಮರಿ ಹೆಚ್ಚಾದವೆಂದರೆ ಪಶುವೈದ್ಯರ ಬಳಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬಹುದು. ಮನೆ ಬದಲಿಸುವವರು ಬೆಕ್ಕನ್ನು ಜೊತೆಗೊಯ್ದು ಎರಡು ಮೂರು ವಾರ ಒಳಗೇ ಇರಿಸಿ ಉಣಿಸಿದರೆ ಹೊಸ ಮನೆಯೂ ಅದರ ಸುತ್ತಾಟಕ್ಕೆ ಸೇರುತ್ತದೆ. ಒಯ್ಯಲಾಗದವರು ನೆರೆಯವರಿಗೆ ಹೇಳಿ, ಒಂದು ಬಟ್ಟಲು ಅವರ ಕೈಗೆ ಕೊಟ್ಟು ಹೋಗಲಿ.