ಗುರುತು, ಹೆಸರು, ವಿಳಾಸ: ಉತ್ತರ ಬೆಂಗಳೂರಿನ ಶಾಸನಗಳು ಮತ್ತು ಜಾಲದಾಖಲೆಯ ರಚನೆ

ಸಾರಾಂಶ: ಶಾಸನಗಳನ್ನು ಜಾಲದಲ್ಲಿ ಪ್ರಕಟಿಸುವ ಸಂಸ್ಥೆ ಪುಟಗಳನ್ನು ತುಂಬುವುದಕ್ಕೆ ಮೊದಲು ದಾಖಲೆಯ ರಚನೆಯನ್ನು ನಿಶ್ಚಯಿಸಿಕೊಳ್ಳಬೇಕು. ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಖ್ಯಾಪದ್ಧತಿಯನ್ನೂ ಹೆಬ್ಬಾಳದ ಕಿತ್ತಯನ ಶಾಸನವನ್ನೂ ಆಧರಿಸಿ, ಕಲ್ಲಿನ ಗುರುತು, ಊರಿನ ಹೆಸರು, ಆಡಳಿತದ ವಿಳಾಸ ಈ ಮೂರನ್ನೂ ಬೇರೆಬೇರೆಯಾಗಿ ದಾಖಲಿಸಬೇಕೆಂದು ಈ ಲೇಖನ ವಾದಿಸುತ್ತದೆ.

ಪ್ರಮುಖ ಪದಗಳು: ಶಾಸನ, ದಾಖಲೆ, ಸಂಖ್ಯಾಪದ್ಧತಿ, ಹೆಬ್ಬಾಳ, ಯಲಹಂಕ, ಯೂನಿಕೋಡ್

1. ರೈಸ್ ಹಾಕಿದ ಚೌಕಟ್ಟು

ಬಿ.ಎಲ್. ರೈಸ್ 1886ರಿಂದ 1905ರವರೆಗೆ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳಿವೆ. ಬೆಂಗಳೂರು ಜಿಲ್ಲೆಗೆ ಮೀಸಲಾದದ್ದು 1905ರ ಒಂಬತ್ತನೆಯ ಸಂಪುಟ. ಸಂಗ್ರಹದ ಗಾತ್ರವನ್ನು ಎಲ್ಲರೂ ಕೊಂಡಾಡುತ್ತಾರೆ, ಅದರ ಜೋಡಣೆಯ ಕಡೆಗೆ ಅಷ್ಟು ಗಮನ ಹೋಗಿಲ್ಲ. ಪ್ರತಿ ಶಾಸನಕ್ಕೂ ತಾಲ್ಲೂಕಿನ ಸಂಕ್ಷೇಪಾಕ್ಷರ ಮತ್ತು ಕ್ರಮಸಂಖ್ಯೆ, ದೇಶಭಾಷೆಯ ಲಿಪಿಯಲ್ಲಿ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ. ಸಂಪುಟದ ಒಡಲಲ್ಲಿ ಶಾಸನಗಳು ತಾಲ್ಲೂಕುವಾರು ಕೂತಿದ್ದರೆ, ಮುಂದಿನ ಪಟ್ಟಿಯಲ್ಲಿ ಅವೇ ಕಾಲಾನುಕ್ರಮದಲ್ಲಿ ಬರುತ್ತವೆ. ಒಂದೇ ದಾಖಲೆಯನ್ನು ಒಮ್ಮೆ ಬರೆದಿಟ್ಟು, ಬೇಕಾದ ಕ್ರಮದಲ್ಲಿ ತೋರಿಸುವ ಈ ಪದ್ಧತಿಯನ್ನೇ ಇಂದಿನ ಜಾಲಪ್ರಕಾಶಕರು ರಚನಾಬದ್ಧ ಮಾಹಿತಿ ಎನ್ನುತ್ತಾರೆ. ಸಂಖ್ಯೆ ಗಟ್ಟಿಯಾಗಿದ್ದುದರಿಂದಲೇ ನೂರು ವರ್ಷ ಕಳೆದರೂ ವಿದ್ವಾಂಸರ ಅಡಿಟಿಪ್ಪಣಿಗಳು ರೈಸರ ಪುಟಕ್ಕೆ ನೇರವಾಗಿ ಕೊಂಡೊಯ್ಯುತ್ತವೆ.

2. ಒಂಬತ್ತನೆಯ ಸಂಪುಟ ಯಾವುದು?

ಆದರೆ ಆ ಸಂಖ್ಯೆಯೊಳಗೆ ತಾಲ್ಲೂಕೂ ಸೇರಿಕೊಂಡಿತ್ತು. ತೊಡಕು ಹುಟ್ಟಿದ್ದು ಅಲ್ಲಿಂದ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಆವೃತ್ತಿಯನ್ನು ಹೊರತರತೊಡಗಿದಾಗ ಸಂಪುಟಗಳ ಹಂಚಿಕೆ ಬದಲಾಯಿತು, ಶಾಸನಗಳಿಗೆ ಹೊಸ ಸಂಖ್ಯೆಗಳು ಬಂದವು. ಹಳೆಯ ‘ಎ.ಕ. 9’ ಎಂದರೆ ಬೆಂಗಳೂರು ಜಿಲ್ಲೆ, ಪರಿಷ್ಕೃತ ‘ಎ.ಕ. 9’ ಎಂದರೆ ಬೇಲೂರು. ಆವೃತ್ತಿಯನ್ನು ಸೂಚಿಸದೆ ಬರಿಯ ‘ಎ.ಕ. 9’ ಎಂದು ಬರೆದರೆ ಓದುಗ ಯಲಹಂಕಕ್ಕೆ ಹೊರಟು ಹೊಯ್ಸಳರ ಅಂಗಳದಲ್ಲಿ ನಿಂತಿರುತ್ತಾನೆ.

ಆಡಳಿತದ ಗಡಿಗಳು ಇದಕ್ಕಿಂತಲೂ ಚಂಚಲ. ಬೆಂಗಳೂರು ಜಿಲ್ಲೆ 1986ರಲ್ಲಿ ನಗರ, ಗ್ರಾಮಾಂತರ ಎಂದು ಎರಡಾಯಿತು. 2007ರಲ್ಲಿ ಗ್ರಾಮಾಂತರದಿಂದ ರಾಮನಗರ ಬೇರೆಯಾಯಿತು. ಮುಂದೆ ಯಲಹಂಕವೇ ಒಂದು ತಾಲ್ಲೂಕಾಯಿತು. ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ತೀರ್ಮಾನಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಂಗಳೂರು ಉತ್ತರ ನಗರ ಪಾಲಿಕೆಯೂ ಹುಟ್ಟಿಕೊಂಡಿತು. ಅದೇ ಹೆಸರಿನ ತಾಲ್ಲೂಕೂ ಲೋಕಸಭಾ ಕ್ಷೇತ್ರವೂ ಇದಕ್ಕೆ ಮೊದಲೇ ಇದ್ದವು. ಹೀಗಿರುವಾಗ ಜಾಲತಾಣವೊಂದು ಶಾಸನದ ಕೊಂಡಿಯನ್ನೇ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಕಟ್ಟಿದರೆ, ಪ್ರತಿ ಪುನರ್ವಿಂಗಡಣೆಗೂ ಹಳೆಯ ಕೊಂಡಿಗಳು ಕಳಚಿಕೊಳ್ಳುತ್ತವೆ. ಕಲ್ಲು ಇದ್ದಲ್ಲೇ ಇರುತ್ತದೆ, ವಿಳಾಸ ಮಾತ್ರ ಊರೂರು ಅಲೆಯುತ್ತದೆ.

3. ಹೆಬ್ಬಾಳದ ಕಲ್ಲು

ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ವೀರಗಲ್ಲು ರೈಸರ ಸಂಪುಟದಲ್ಲಿ ಇಲ್ಲ. ಗಂಗ ದೊರೆ ಶ್ರೀಪುರುಷನ ಆಳ್ವಿಕೆಯಲ್ಲಿ, ಊರಳಿವಿನ ಕಾಳಗದಲ್ಲಿ ಮಡಿದ ಕಿತ್ತಯನ ಸ್ಮಾರಕ ಅದು. ಅದರಲ್ಲಿ ‘ಪೆರ್ಬೊೞಲ್ನಾಡು ಮೂವತ್ತು’ ಎಂಬ ಆಡಳಿತ ವಿಭಾಗದ ಉಲ್ಲೇಖವಿದೆ. ಅದೇ ‘ಪೆರ್ಬೊೞಲ್’ ಇಂದಿನ ಹೆಬ್ಬಾಳವೆಂದು ಸಂಶೋಧಕರು ಗುರುತಿಸಿದ್ದಾರೆ. ಹಳಗನ್ನಡದ ಪಕಾರ ಮುಂದೆ ಹಕಾರವಾದ ದಾರಿ ನಮಗೆ ತಿಳಿದದ್ದೇ.

ಈ ಕಲ್ಲನ್ನು ಒಂದೇ ಪುಟದ ಗದ್ಯದಲ್ಲಿ ಪರಿಚಯಿಸಬಹುದು, ಓದಲೂ ಚೆನ್ನಾಗಿರುತ್ತದೆ. ಕಾಲದ ಪ್ರಶ್ನೆ ಎದ್ದಾಗ ಆ ಗದ್ಯ ಸಾಲುವುದಿಲ್ಲ. ಕಲ್ಲಿನ ಮೇಲೆ ಶಕವರ್ಷ ಕೊರೆದಿಲ್ಲ, ‘ಸುಮಾರು ಕ್ರಿ.ಶ. 750’ ಎಂಬುದು ದೊರೆಯ ಹೆಸರು ಮತ್ತು ಲಿಪಿಯ ಸ್ವರೂಪದಿಂದ ಮಾಡಿದ ಊಹೆ. ದಾಖಲೆಯಲ್ಲಿ ‘ಶಾಸನವೇ ಹೇಳುವ ಕಾಲ’, ‘ವಿದ್ವಾಂಸರು ಊಹಿಸಿದ ಕಾಲ’, ‘ಊಹೆಗೆ ಆಧಾರ’ ಎಂದು ಮೂರು ಕಲಮುಗಳಿದ್ದರೆ ಮೊದಲನೆಯದು ಖಾಲಿ ಉಳಿಯುತ್ತದೆ. ಆ ಖಾಲಿಯೇ ಒಂದು ಮಾಹಿತಿ. ನಾಳೆ ಊಹೆ ಬದಲಾದರೆ ಒಂದು ಕಲಮನ್ನು ತಿದ್ದಿದರೆ ಸಾಕು, ಭೂಪಟ, ಕಾಲಪಟ್ಟಿ, ಪರಿಚಯಪುಟ ಎಲ್ಲವೂ ತಾವಾಗಿ ಸರಿಹೋಗುತ್ತವೆ.

ಸ್ಥಳನಾಮಕ್ಕೂ ಇದೇ ನ್ಯಾಯ. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಯಲಹಂಕ ‘ಇಲೈಪಾಕ್ಕ ನಾಡು’. ಅಲ್ಲಿರುವ ರೂಪವನ್ನು ಪಾಠದಲ್ಲಿ ಹಾಗೆಯೇ ಉಳಿಸಿ, ಇಂದಿನ ಹೆಸರನ್ನು ಪ್ರತ್ಯೇಕ ಸ್ಥಳನಾಮ ಪಟ್ಟಿಯಲ್ಲಿಟ್ಟು, ಎರಡಕ್ಕೂ ಗಂಟು ಹಾಕಬೇಕು. ಆಗ ‘ಯಲಹಂಕ’ ಎಂದು ಹುಡುಕುವ ಶಾಲಾ ಹುಡುಗಿಗೂ ತಮಿಳು ಶಾಸನ ಸಿಗುತ್ತದೆ.

1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಲ್ಲಿ ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಯೋಜನೆಯನ್ನು ಕೈಗೆತ್ತಿಕೊಂಡಿತು. ಕಲ್ಲು ಒಡೆದುಹೋದರೂ ಅಕ್ಷರ ಉಳಿಯಬೇಕೆಂಬುದು ಅದರ ಹಿಂದಿನ ಕಾಳಜಿ. ಪಾಠವೂ ಬಿಂಬವೂ ಒಂದೇ ಗುರುತಿನ ಅಡಿಯಲ್ಲಿ ನಿಂತರೆ ಇಂಥ ಕೆಲಸದ ಬೆಲೆ ಇಮ್ಮಡಿಯಾಗುತ್ತದೆ: ಸಂಪಾದಕರ ಓದನ್ನು ಯಾರು ಬೇಕಾದರೂ ಕಲ್ಲಿನ ಮುಖಕ್ಕೆ ಹಿಡಿದು ಪರೀಕ್ಷಿಸಬಹುದು. ಸವೆದ ಅಕ್ಷರ, ಸಂಪಾದಕರು ತುಂಬಿದ ಅಕ್ಷರ ಇವನ್ನು ಆವರಣ ಚಿಹ್ನೆಗಳಿಂದ ತೋರಿಸುವ ಲೈಡನ್ ಪದ್ಧತಿ 1931ರದು. ಅದನ್ನೇ ಗಣಕಕ್ಕೆ ಅರ್ಥವಾಗುವಂತೆ ಗುರುತು ಹಾಕುವ ‘ಎಪಿಡಾಕ್’ ಗ್ರೀಕ್, ಲ್ಯಾಟಿನ್ ಶಾಸನಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಕನ್ನಡದ ಪಾಠಗಳಿಗೂ ಅದು ಒಗ್ಗುತ್ತದೆ.

4. ೞಕಾರದ ಪಾಠ

‘ಪೆರ್ಬೊೞಲ್’ ಎಂಬುದರಲ್ಲಿರುವ ೞ ಹೊಸಗನ್ನಡದಲ್ಲಿ ಬಳಕೆ ತಪ್ಪಿದ ಅಕ್ಷರ. ಒಬ್ಬ ಸಂಪಾದಕರು ೞ ಇಟ್ಟು, ಮತ್ತೊಬ್ಬರು ಳ ಇಟ್ಟರೆ ಹುಡುಕುಯಂತ್ರಕ್ಕೆ ಅವು ಎರಡು ಬೇರೆ ಪದಗಳು. ಹಳೆಯ ನುಡಿ ಫಾಂಟಿನ ಸಂಕೇತಗಳಲ್ಲಿ ಉಳಿದ ಪಾಠವಾದರೆ ಯೂನಿಕೋಡಿನಲ್ಲಿ ಹುಡುಕಿದವರಿಗೆ ದಕ್ಕುವುದೇ ಇಲ್ಲ. ಆದ್ದರಿಂದ ಶಾಸನದ ಮೂಲರೂಪ ಒಂದು ಕಲಮಿನಲ್ಲಿ, ಹುಡುಕಾಟಕ್ಕೆ ಸರಳಗೊಳಿಸಿದ ರೂಪ ಇನ್ನೊಂದರಲ್ಲಿ ಇರಬೇಕು.

ಈ ಅಕ್ಷರಕ್ಕೆ ಯೂನಿಕೋಡಿನಲ್ಲಿ ಒದಗಿದ ಗತಿಯೂ ಗಮನಾರ್ಹ. 0ಸಿಡಿಇ ಎಂಬ ಸಂಕೇತಸ್ಥಾನದಲ್ಲಿರುವ ೞಕಾರಕ್ಕೆ ಅಲ್ಲಿ ಇಟ್ಟ ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್‌ಎ’, ಅಂದರೆ ‘ಫ’. ತಪ್ಪು ಗೊತ್ತಾಯಿತು, ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ. ಹಾಗಾಗಿ ಹಳೆಯ ಹೆಸರನ್ನು ಹಾಗೆಯೇ ಬಿಟ್ಟು, ಸರಿಯಾದ ಹೆಸರನ್ನು ಅಧಿಕೃತ ಪರ್ಯಾಯನಾಮವಾಗಿ ಸೇರಿಸಿದರು. ತಪ್ಪು ಹೆಸರು ಹೊತ್ತಿದ್ದರೂ ಸಂಕೇತಸ್ಥಾನ ಕದಲಲಿಲ್ಲ, ಅದರಲ್ಲಿ ಬರೆದಿಟ್ಟ ಒಂದು ಪಾಠವೂ ಕೆಡಲಿಲ್ಲ.

5. ಸಮಾರೋಪ

ಇದರಿಂದ ಹೊರಡುವ ಸೂತ್ರ ಸರಳ. ಕಲ್ಲಿಗೆ ಊರು, ತಾಲ್ಲೂಕು, ಸಂಪುಟ ಯಾವುದನ್ನೂ ಸೂಚಿಸದ ಒಂದು ಸಂಖ್ಯೆ ಇರಲಿ. ರೈಸರ ಸಂಖ್ಯೆ, ಪರಿಷ್ಕೃತ ಸಂಖ್ಯೆ ಎರಡೂ ಆವೃತ್ತಿಯ ಉಲ್ಲೇಖದೊಡನೆ ಪರ್ಯಾಯವಾಗಿ ಉಳಿಯಲಿ. ಆಡಳಿತದ ವಿಳಾಸಕ್ಕೆ ಇಸವಿ ಅಂಟಿರಲಿ. ಶಾಸನ ಪ್ರಕಟಿಸುವ ಸಂಸ್ಥೆಗಳಿಗೆ ಮಾತ್ರವಲ್ಲ, ಆದೇಶಗಳನ್ನು ಜಾಲಕ್ಕೇರಿಸುವ ಕಚೇರಿಗೂ ಹಳೆಯ ಸಂಚಿಕೆಗಳನ್ನು ಏರಿಸುವ ಪತ್ರಿಕೆಗೂ ಇದು ಅನ್ವಯಿಸುತ್ತದೆ. ತಾಲ್ಲೂಕಿನ ಹೆಸರು ಇನ್ನೊಮ್ಮೆ ಬದಲಾದ ದಿನ ಕಿತ್ತಯನ ದಾಖಲೆಗೆ ಸೇರಬೇಕಾದದ್ದು ವಿಳಾಸದ ಕಲಮಿನಲ್ಲಿ ಹೊಸದೊಂದು ಸಾಲು, ಅಷ್ಟೇ.